ತೊಡೆಯ ಕೆಳಗಿನ ಕೈ

ಮತ್ತಿಕೆರೆಯ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ಒಬ್ಬ ಯುವತಿ ನಿಂತಿದ್ದಳು. ಶಾಲೆಗಳಿಗೆ ಹೋಗಿ ಮಕ್ಕಳ ಬುದ್ಧಿ ಪರೀಕ್ಷಿಸುವ ಡಾಕ್ಟರರ ಸಹಾಯಕಿ. ಊರಿನ ಅಂಜಿನಮ್ಮ ಅವಳನ್ನು ಹುಡುಕಿಕೊಂಡು ಓಡಿಬಂದಳು.

"ಅಮ್ಮಾವ್ರೇ, ನನ್ ಮಗಳಿಗೆ ಬುದ್ಧಿ ಸಾಲದು ಅಂತ ನೀವು ಅಂದ್ರಂತೆ. ನಾಳೆಯಿಂದ ಇಸ್ಕೂಲಿಗೆ ಬ್ಯಾಡ ಅಂತಾರೆ ಮೇಷ್ಟ್ರು."

"ಮರದ ತುಂಡು ಜೋಡಿಸು ಅಂದೆ. ಎಲ್ಲಾ ಬೀಳಿಸಿಬಿಟ್ಳು ಕಣಮ್ಮ."

"ಮನೇಲಿ ಇಟ್ಟಿಗೆ ಚೂರಲ್ಲಿ ಗುಡಿ ಕಟ್ತಾಳೆ, ಗೋಪುರ ಸಮೇತ."

"ನನ್ನ ಮುಂದೆ ಒಂದು ಕೈ ತೊಡೆ ಕೆಳಗೇ ಇಟ್ಕೊಂಡು ಕೂತಿದ್ಳು."

"ಯಾವ್ ಕೈ?"

"ಎಡಗೈ."



"ನಾನೇ ಅವ್ಳಿಗೆ ಏಳಿದ್ದೆ. ದೊಡ್ಡೋರು ಬತ್ತಾರೆ, ಎಡಗೈ ಆಚೆ ತೆಗೆದ್ರೆ ಬರೆ ಆಕ್ತೀನಿ ಅಂತ. ಅವಳು ಎಡಚಿ."

"ನಾನಾದ್ರೂ ಕೇಳ್ಬೇಕಿತ್ತು. ಮೇಷ್ಟ್ರು ಇನ್ನೂ ಇರ್ತಾರಾ?"

"ಗಂಟೆ ಒಡೆಯೋವರ್ಗೂ ಇರ್ತಾರೆ. ಮಗಳೂ ಅಲ್ಲೇ ಅವ್ಳೆ."

"ನಡೀರಿ. ಅವರ ಎದುರಿಗೇ ಇನ್ನೊಂದ್ಸಲ ಜೋಡಿಸ್ಲಿ, ಎಡಗೈಯಲ್ಲೇ. ಜೋಡಿಸು ಅಂತ ನೀವೇ ಅವಳಿಗೆ ಹೇಳ್ಬೇಕು."

"ಎಲ್ರ ಮುಂದೆ ಎಡಗೈಯಾ? ಆಮೇಲೆ ಇವಳನ್ನ ಯಾರ್ ಮದುವೆ ಆಯ್ತಾರೆ?"

"ಮದುವೆ ಇರ್ಲಿ. ಮೊದಲು ಎರಡನೇ ಕ್ಲಾಸ್ ಆಗ್ಲಿ."

ಅಂಜಿನಮ್ಮ ರಸ್ತೆಯ ಆ ಕಡೆ ಈ ಕಡೆ ನೋಡಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸಹಾಯಕಿಯ ಕೈಯಲ್ಲಿದ್ದ ಮರದ ತುಂಡುಗಳ ಚೀಲವನ್ನು ತಾನೇ ಕಸಿದುಕೊಂಡು, ಶಾಲೆಯ ಕಡೆ ಮುಂದಾಗಿ ನಡೆದಳು.