ಎಣಿಸಬಾರದ ಬಾತು

ಶಿವರಾತ್ರಿ ಮುಗಿದು ಬಿಸಿಲು ಏರಿತ್ತು. ಉಗಾರದ ಬಸ್ ಸ್ಟ್ಯಾಂಡಿನಲ್ಲಿ ಅಥಣಿ ಬಸ್ಸಿನ ಪತ್ತೆಯೇ ಇರಲಿಲ್ಲ. ನನ್ನ ಪಕ್ಕದ ಕಟ್ಟೆಯ ಮೇಲೆ, ಕೊರಳಿಗೆ ದುರ್ಬೀನು ಹಾಕಿಕೊಂಡ ದಸ್ತಗೀರ ಮಾಸ್ತರು ಕಂಬಳಿ ಹೊತ್ತ ಕುರಿಗಾರ ಮಾಳಸಿದ್ದನನ್ನು ಕೇಳುತ್ತಿದ್ದರು.

“ನಿನ್ನ ಕುರಿಹಟ್ಟಿ ಹೊಳಿ ದಂಡಿಗೇ ಐತಲ್ಲ. ಚಳಿಗೆ ಬಂದ ಪಟ್ಟಿತಲಿ ಬಾತು ಇನ್ನೂ ಎಷ್ಟ ಉಳದಾವು?”

“ಅದಾವ್ರಿ.”

“ಎಷ್ಟಂತ ಕೇಳಿದ್ನೆಪಾ.”

“ಜೀವ ಇದ್ದದ್ದನ್ನ ಎಣಿಸಬಾರದ್ರಿ ಮಾಸ್ತರ, ಕಡಿಮಿ ಆಕಾವು. ನಾವು ಕುರಿನೂ ಎಣಸಂಗಿಲ್ಲ.”

“ಮತ್ತ ಒಂದ ಕಳದ್ರ ಹೆಂಗ ಗೊತ್ತಾಕೈತಿ?”

“ಸಂಜಿಕ ಹಟ್ಟಿಗೆ ಬಂದಾಗ ಮಾರಿ ನೋಡ್ತೀವ್ರಿ. ಯಾರ ಬಂದಿಲ್ಲಂತ ತಾನ ಗೊತ್ತಾಕೈತಿ.”

ಮಾಸ್ತರು ದುರ್ಬೀನಿನ ಗಾಜು ಒರೆಸಿದರು. ಅದು ಆಗಲೇ ಸ್ವಚ್ಛ ಇತ್ತು.

“ವರ್ಷಾ ವರ್ಷಾ ನಮ್ಮ ಮನಿಯಾಕಿ ಮದಿನಾಬಿ ಎಣಸಾಕಿ, ನಾ ಬರ್ಕೊಳ್ಳಾಂವ.”

“ಅಕ್ಕಾರು ಈ ಸಲ ಬಂದಿಲ್ಲೇನ್ರಿ?”

“ಮೊಹರಂ ಮುಂದ ತೀರಿಕೊಂಡ್ಲು.”

ಮಾಳಸಿದ್ದ ಕಂಬಳಿಯ ಅಂಚು ತಿರುವಿದ.

“ಬಾತು ಈಗ ಉತ್ತರಕ್ಕ ಹೊಂಟಾವ್ರಿ. ಚಳಿಗಾಲಕ್ಕ ಮತ್ತ ಬರ್ತಾವು.”

“ಅವು ಬರ್ತಾವು ಬಿಡು.”

ಬಸ್ಸು ಬಂತು. ಮಾಳಸಿದ್ದ ಕೂತಲ್ಲಿಂದಲೇ ಕೈ ಮುಗಿದ. ಮಾಸ್ತರು ಹತ್ತಿದರು, ಅವರ ಬೆನ್ನಿಗೇ ನಾನು. ಕಂಡಕ್ಟರ್ ನಮ್ಮಿಬ್ಬರನ್ನೂ ನೋಡಿ, “ಎಷ್ಟ ಮಂದಿ?” ಅಂದ.

ಮಾಸ್ತರು ಒಂದು ಬೆರಳು ಎತ್ತಿ ತೋರಿಸಿದರು.