ಐದನೆಯ ಹೌದು

ಈ ಬೀಳ್ಕೊಡುಗೆ ಸಭೆಯ ಅಧ್ಯಕ್ಷರೂ ನಮ್ಮ ವಿದ್ಯಾಸಂಸ್ಥೆಯ ಕಾರ್ಯದರ್ಶಿಗಳೂ ಆದ ಶ್ರೀ ಅಜ್ಜಪ್ಪನವರೇ, ನನ್ನ ಬಗ್ಗೆ ಇಪ್ಪತ್ತು ನಿಮಿಷ ಮಾತನಾಡಿ ನನ್ನನ್ನೇ ಬೆರಗುಗೊಳಿಸಿದ ಪ್ರಾಂಶುಪಾಲರಾದ ಶ್ರೀ ಓಂಕಾರಮೂರ್ತಿಯವರೇ, ಸಹೋದ್ಯೋಗಿಗಳೇ, ಹಾಜರಾತಿ ಸಿಗುತ್ತದೆಂಬ ಒಂದೇ ಕಾರಣಕ್ಕೆ ನನ್ನ ಮೇಲೆ ಇಷ್ಟೊಂದು ಅಭಿಮಾನ ತೋರಿಸಿ ಕಿಕ್ಕಿರಿದಿರುವ ವಿದ್ಯಾರ್ಥಿಗಳೇ, ಸಭಿಕರೇ,

ಮಾಲತಿ ಮೇಡಂ ಶಾಂತ ಸ್ವಭಾವದವರು ಎಂದು ಮೊದಲು ಮಾತನಾಡಿದವರು ಹೇಳಿದರು. ಎರಡನೆಯವರೂ ಅದನ್ನೇ ಹೇಳಿದರು. ಆರನೆಯವರ ಸರದಿ ಬರುವ ಹೊತ್ತಿಗೆ, ಸ್ಟಾಫ್ ರೂಮಿನ ಫ್ಯಾನಿಗಾಗಿ ಮೂರು ಬೇಸಿಗೆ ನನ್ನೊಡನೆ ಜಗಳವಾಡಿದವರೂ 'ಮೇಡಂ ದನಿ ಏರಿಸಿದ್ದನ್ನು ನಾನು ಕೇಳಿಯೇ ಇಲ್ಲ' ಎಂದರು. ಈ ಚಳ್ಳಕೆರೆಯಲ್ಲಿ ಮೂವತ್ತೊಂದು ವರ್ಷ ಸಾಮಾಜಿಕ ಮನಶ್ಶಾಸ್ತ್ರ ಪಾಠ ಮಾಡಿದ್ದೇನೆ. ಹತ್ತು ಜನ ಅಂದದ್ದನ್ನೇ ಹನ್ನೊಂದನೆಯವರೂ ಅನ್ನುವುದಕ್ಕೆ ನಮ್ಮ ಶಾಸ್ತ್ರದಲ್ಲಿ ಅನುಸರಣೆ ಎನ್ನುತ್ತಾರೆ. ಆ ಅಧ್ಯಾಯಕ್ಕೆ ಇಷ್ಟು ಒಳ್ಳೆಯ ಉದಾಹರಣೆ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ವೇದಿಕೆಗೆ ನಾನು ಋಣಿ.

ಜನ ಒಬ್ಬರ ಮೇಲೊಬ್ಬರು ಹೇಗೆ ಪ್ರಭಾವ ಬೀರುತ್ತಾರೆ? ಪುಸ್ತಕ ತೆರೆಯುವ ಮೊದಲೇ ನನಗೆ ಇದು ಗೊತ್ತಿತ್ತು. ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಅರ್ಧ ಜಾಗ ಮಗ್ಗದ್ದು, ಉಳಿದ ಅರ್ಧದಲ್ಲಿ ನಾವು. ಸೀರೆ ಕೊಳ್ಳಲು ಪರವೂರಿನವರು ಬಂದರೆ ನಮ್ಮಪ್ಪ ಯರ್ರಪ್ಪ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಪಕ್ಕದ ಮನೆಯ ಚಿನ್ನಕ್ಕನಿಗೆ ಹೇಳಿಕಳಿಸುವುದು. ಆಕೆ ಹೊಸ ಚಪ್ಪಲಿ ಮೆಟ್ಟಿಕೊಂಡು ಗಿರಾಕಿಯ ಹಾಗೆ ಬಂದು ಕೂತು, ಮೂರು ತಿಂಗಳಿಂದ ಮಾರಾಟವಾಗದ ಸೀರೆಯನ್ನೇ ಎದೆಗವಚಿಕೊಂಡು, 'ಇದಿ ನಾಕೇ ಕಾವಾಲಿ! ಇದು ನಂಗೇ ಬೇಕು, ಬೇರೆ ಯಾರ್ಗೂ ಕೊಡಂಗಿಲ್ಲ ನೋಡಣ್ಣ' ಎನ್ನುತ್ತಿದ್ದಳು. ಬಂದವರಿಗೆ ತಟ್ಟನೆ ಅದೇ ಸೀರೆ ಬೇಕಾಗುತ್ತಿತ್ತು. ಮುಂದೆ ಎಂ.ಎ. ಓದುವಾಗ ಇದೇ ವಿದ್ಯೆ ಒಂದು ದಪ್ಪ ಪುಸ್ತಕದಲ್ಲಿ ಸಿಕ್ಕಿತು, ಉದ್ದನೆಯ ಹೆಸರಿನೊಂದಿಗೆ. ಚಿನ್ನಕ್ಕನ ಹೆಸರು ಮಾತ್ರ ಅಲ್ಲಿರಲಿಲ್ಲ. ಸೀರೆ ಚೆನ್ನಾಗಿಯೇ ಇರುತ್ತಿತ್ತು ಎನ್ನಿ, ನಮ್ಮಪ್ಪ ನೇಯ್ದದ್ದು.

ಪ್ರತಿ ವರ್ಷ ತರಗತಿಯಲ್ಲಿ ನಾನೊಂದು ಹಳೆಯ ಪ್ರಯೋಗ ಮಾಡಿಸುತ್ತಿದ್ದೆ. ಬೋರ್ಡಿನ ಮೇಲೆ ಒಂದು ಗೆರೆ, ಪಕ್ಕದಲ್ಲಿ ಮೂರು ಗೆರೆ. ಮೊದಲಿನದರಷ್ಟೇ ಉದ್ದದ್ದು ಯಾವುದು? ಎರಡನೆಯದು, ಚಿಕ್ಕ ಮಗುವೂ ಹೇಳುತ್ತದೆ. ಆದರೆ ಏಳು ಜನರಿಗೆ 'ಮೂರನೆಯದು ಎನ್ನಿ' ಎಂದು ಮೊದಲೇ ಗುಟ್ಟಾಗಿ ಹೇಳಿಕೊಟ್ಟಿರುತ್ತಿದ್ದೆ. ಎಂಟನೆಯವರಿಗೆ ಗುಟ್ಟು ಗೊತ್ತಿಲ್ಲ. ಅವರು ಗೆರೆ ನೋಡುತ್ತಾರೆ, ಏಳು ಜನರ ಮುಖ ನೋಡುತ್ತಾರೆ, ಬೆವರು ಒರೆಸಿಕೊಳ್ಳುತ್ತಾರೆ, 'ಮೂರನೇದು ಮೇಡಂ' ಎನ್ನುತ್ತಾರೆ. ತರಗತಿ ಗೊಳ್ಳೆಂದು ನಗುತ್ತದೆ. ನಾನೂ ನಗುತ್ತಿದ್ದೆ. ಮೇಷ್ಟರಾದವರು ಎಂಟನೆಯ ಜಾಗದಲ್ಲಿ ಕೂರಬೇಕಾಗಿಲ್ಲವಲ್ಲ!

ಗಟ್ಟಿಯಾಗಿ ನಿಂತವರು ಬೆರಳೆಣಿಕೆಯಷ್ಟು. ಅವರಲ್ಲೊಬ್ಬಳು ದೇವಸಮುದ್ರದಿಂದ ಬಸ್ಸಿನಲ್ಲಿ ಬರುತ್ತಿದ್ದ ದಿವ್ಯಾ. ಏಳು ಜನ ಹೇಳಿ ಮುಗಿಸಿದ ಮೇಲೆ ಎದ್ದು ಬೋರ್ಡಿನ ಹತ್ತಿರವೇ ಬಂದು ಗೇಣು ಹಾಕಿ ಅಳೆದಳು. 'ಎರಡನೇದೇ ಐತೆ ಮೇಡಂ. ಇವ್ರಿಗೆಲ್ಲ ಏನಾಗೈತೆ?' ಎಂದಳು.

ದಿವ್ಯಾ ಎಂದೊಡನೆ ವೇದಿಕೆಯ ಮೇಲೆ ಎರಡು ಕುರ್ಚಿ ಕಿರುಗುಟ್ಟಿದವು. ಗಾಬರಿಯಾಗಬೇಡಿ, ನಾನು ಶಾಂತ ಸ್ವಭಾವದವಳು.

ಕಳೆದ ವರ್ಷದ ಪರೀಕ್ಷೆ ನಿಮಗೆಲ್ಲ ನೆನಪಿದೆ. ತಪಾಸಣೆಯವರು ಬಂದಾಗ ದಿವ್ಯಾಳ ಕಾಲ ಬಳಿ ನಕಲು ಚೀಟಿ ಸಿಕ್ಕಿತು. ವಿಚಾರಣೆಗೆ ಐದು ಜನರ ಸಮಿತಿ ಕೂತಿತು. ಪ್ರಾಂಶುಪಾಲರು ಬಹಳ ಪ್ರಜಾಪ್ರಭುತ್ವವಾದಿಗಳು. ಮೊದಲು ತಮ್ಮ ಅಭಿಪ್ರಾಯ ಹೇಳಿ, ಆಮೇಲೆ ನಮ್ಮ ಅಭಿಪ್ರಾಯ ಕೇಳಿದರು. 'ಚೀಟಿ ಆ ಹುಡುಗೀದೇ. ಏನಂತೀರಿ?' ಎರಡನೆಯವರು ಹೌದೆಂದರು. ಮೂರನೆಯವರು ಹೌದೆಂದರು. ನಾಲ್ಕನೆಯವರು ಮೊಬೈಲಿನಿಂದ ತಲೆಯೆತ್ತದೆಯೇ ಹೌದೆಂದರು. ಈ ನಾಲ್ವರಲ್ಲಿ ಒಬ್ಬರೂ ಪರೀಕ್ಷೆಯ ದಿನ ಆ ಕೋಣೆಯಲ್ಲಿರಲಿಲ್ಲ. ಇದ್ದವಳು ಐದನೆಯವಳು, ಕೋಣೆಯ ಮೇಲ್ವಿಚಾರಕಿ, ಅಂದರೆ ನಾನು. ನೋಡದ ನಾಲ್ವರಿಗೆ ಎಲ್ಲವೂ ಕಂಡಿತ್ತು. ಬಾಗಿಲಲ್ಲಿ ಬೂಟಿನ ಸದ್ದಾದ ಕೂಡಲೇ ಮುಂದಿನ ಬೆಂಚಿನ ಅಮರೇಶ ಚೀಟಿಯನ್ನು ಕೆಳಗೆ ಬಿಟ್ಟು ಹಿಮ್ಮಡಿಯಿಂದ ಹಿಂದಕ್ಕೆ ತಳ್ಳಿದ್ದನ್ನು ಕಣ್ಣಾರೆ ಕಂಡಿದ್ದ ನನಗೆ ಮಾತ್ರ…

ಅಯ್ಯೋ, ಅಂದುಬಿಟ್ಟೆ. ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಈ ಕಾಗದದಲ್ಲಿ ಮುಂದಿನ ಸಾಲು 'ಸಹೋದ್ಯೋಗಿಗಳ ಸಹಕಾರ ಅವಿಸ್ಮರಣೀಯ' ಎಂದಿದೆ. ಇರಲಿ, ಅದೂ ಸುಳ್ಳಲ್ಲ.

ಅಜ್ಜಪ್ಪನವರೇ, ಅಮರೇಶ ನಿಮ್ಮ ಅಕ್ಕನ ಮಗ. ಇದು ಐದೂ ಜನರಿಗೆ ಗೊತ್ತಿತ್ತು. ನೀವು ನಮಗೆ ಒಂದು ಫೋನು ಮಾಡಿದಿರಾ? ಇಲ್ಲ. ಒಂದು ಮಾತು ಹೇಳಿದಿರಾ? ಇಲ್ಲ. ಪ್ರಭಾವದ ಸೊಗಸೇ ಅದು ನೋಡಿ. ನಾವೇ ಹೆದರಿಕೊಂಡು, ಅದಕ್ಕೆ ನಾವೇ ಶಿಸ್ತು ಎಂದು ಹೆಸರಿಟ್ಟೆವು. ನಾನು ಹೌದು ಎಂದೆ. 'ಸರ್ವಾನುಮತ' ಎಂದು ವರದಿ ಹೋಯಿತು. ದಿವ್ಯಾ ಎರಡು ವರ್ಷ ಪರೀಕ್ಷೆಗೆ ಕೂರುವಂತಿಲ್ಲ ಎಂದು ಆದೇಶ ಬಂತು. ಅಮರೇಶ ಪದವೀಧರನಾದ, ಅಭಿನಂದನೆಗಳು.

ಆದೇಶ ಬಂದ ವಾರಕ್ಕೆ ಹುಡುಗಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಅಳಲಿಲ್ಲ, ಬೈಯಲೂ ಇಲ್ಲ.

'ಕಮಿಟಿಯಾಗೆ ನಿಮ್ಮ ಎದುರಿಗೆ ಎಷ್ಟು ಜನ ಇದ್ರು ಮೇಡಂ?'

'ನಾಲ್ಕು ಜನ ಕಣಮ್ಮ.'

'ಅಷ್ಟೇನಾ? ಕ್ಲಾಸಿನಾಗೆ ನನ್ನ ಎದುರಿಗೆ ಏಳು ಜನ ಇದ್ರಲ್ಲ' ಎಂದವಳೇ ಬಸ್ಸು ಹತ್ತಿದಳು.

ನನಗೆ ನಾಚಿಕೆಯಾಯಿತು, ಸಭಿಕರೇ. ಒಂದು ವರ್ಷದಿಂದ ಆಗುತ್ತಲೇ ಇದೆ. ಈ ಸಲ ಆ ಅಧ್ಯಾಯವನ್ನು ನಾನು ಪಾಠ ಮಾಡಲೇ ಇಲ್ಲ. ಮಾಡಿ ಮುಗಿಸಿದ್ದೇನೆಂದು ಡೈರಿಯಲ್ಲಿ ಬರೆದೆ. ಪ್ರಾಂಶುಪಾಲರು ಅದಕ್ಕೂ ಸಹಿ ಹಾಕಿದ್ದಾರೆ.

ಓಂಕಾರಮೂರ್ತಿ ಸರ್, ಮೈಕಿನ ವೈರು ಹುಡುಕಬೇಡಿ, ಮುಗಿಸುತ್ತೇನೆ. ಮಕ್ಕಳೇ, ಚಪ್ಪಾಳೆಯೂ ಬೇಡ. ಒಬ್ಬರು ಶುರು ಮಾಡಿದರೆ ಎಲ್ಲರೂ ತಟ್ಟುತ್ತೀರಿ, ಅದರಿಂದ ಯಾರಿಗೂ ಏನೂ ಆಗುವುದಿಲ್ಲ.

ದಿವ್ಯಾಳ ಮೇಲ್ಮನವಿ ಸೋಮವಾರ ಹನ್ನೊಂದು ಗಂಟೆಗೆ ಅದೇ ಸಮಿತಿಯ ಮುಂದೆ ಬರುತ್ತದೆ. ನಿವೃತ್ತಳಾದ ನನಗೆ ಅಲ್ಲಿ ಕುರ್ಚಿಯಿಲ್ಲ. ಆದರೆ ಸಾಕ್ಷಿಗೆ ನಿವೃತ್ತಿ ಎಂಬುದಿದೆಯೇ? ನಾನು ಬರುತ್ತೇನೆ. ಈ ಬಾರಿ ಮೊದಲು ಮಾತನಾಡುವವಳು ನಾನು. ಆಮೇಲೆ ನೀವು ನಾಲ್ವರೂ ಒಬ್ಬೊಬ್ಬರಾಗಿ, ನನ್ನ ಮುಖ ನೋಡಿಕೊಂಡು ನಿಮ್ಮ ಅಭಿಪ್ರಾಯ ಹೇಳಿ. ಆ ಹುಡುಗಿಯನ್ನು ಬಾಗಿಲ ಹೊರಗೆ ನಿಲ್ಲಿಸಬೇಡಿ, ಒಳಗೆ ಕೂರಿಸಿ. ಅವತ್ತು ನಾನು ಹೇಳಿದ ಹೌದನ್ನು ಅವಳ ಎದುರಿಗೇ ವಾಪಸು ತೆಗೆದುಕೊಳ್ಳಬೇಕು.

ಹಾರಕ್ಕೆ, ಹಣ್ಣಿನ ಬುಟ್ಟಿಗೆ, ನನ್ನಂಥವಳನ್ನು ಮೂವತ್ತೊಂದು ವರ್ಷ ಸಹಿಸಿಕೊಂಡದ್ದಕ್ಕೆ ಕೃತಜ್ಞತೆಗಳು. ಶಾಲು ವಾಪಸು ಬೇಕೆನಿಸಿದರೆ ಸಂಕೋಚಪಡಬೇಡಿ, ಸೋಮವಾರ ತಂದಿರುತ್ತೇನೆ. ನಮಸ್ಕಾರ.