ಬೇವೂರಿಗೆ ಹೋದ ನಂಬರು

ಬಾಗಲಕೋಟೆ ಬಸ್ ನಿಲ್ದಾಣದಲ್ಲಿ ಇಳಕಲ್ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಅಕ್ಕ, ತಮ್ಮ ಕೂತಿದ್ದರು. ಅಕ್ಕ ಅತ್ತಂತಿತ್ತು.

“ಪಾಸ್‌ವರ್ಡ್ ಹೆಂಗ ಮರತಿ, ಸುಲಭಾ ಅಕ್ಕ?”

“ಮರತೆ, ವಿಕಾಸ. ನಾಳೆ ಆ ಸೈಟ್ ಮುಚ್ಚತಾರ. ನನ್ನ ಹನ್ನೊಂದು ವರ್ಷದ ಬ್ಲಾಗ್ ಪೂರಾ ಹೋಗ್ತದ.”

“ಒಂದೊಂದೇ ಕಾಪಿ ಮಾಡ್ಕೋ.”

“ಎಂಟುನೂರು ಲೇಖನ ಅವ. ಒಳಗ ಹೋದ್ರ ಒಮ್ಮೆಲೆ ಇಳಿಸ್ಕೋಬಹುದು.”

“ಮತ್ತ ಓಟಿಪಿ ತರಸು.”

“ಅದು ನನ್ನ ಹಳೇ ನಂಬರಿಗೆ ಹೋಗ್ತದ. ರಿಚಾರ್ಜ್ ಮಾಡದ ಬಿಟ್ಟಿದ್ದೆ. ಈಗದು ಬೇವೂರಾಗ ಯಮನವ್ವ ಅನ್ನೋ ಅಜ್ಜಿ ಕಡೆ ಅದ.”

“ಅಜ್ಜೀನ ಕೇಳು.”

“ಆರು ಸಲ ಫೋನ್ ಮಾಡಿ ಕೇಳೇನಿ, ಕೊಡವಲ್ಲಳು. ಓಟಿಪಿ ಯಾರಿಗೂ ಕೊಡಬ್ಯಾಡ್ರಿ ಅಂತ ಬ್ಲಾಗಿನಾಗ ಬಂದಿತ್ತಂತ. ಮೊಮ್ಮಗಳು ಓದಿ ಹೇಳ್ಯಾಳಂತ.”

“ಯಾರ ಬ್ಲಾಗ್?”



“ನಂದೇ.”

“ಬರದಾಕಿ ನಾನೇ ಅಂತ ಹೇಳಬೇಕಿಲ್ಲೇನು?”

“ಹೇಳಿದೆ. ಗುರ್ತಿನವರ ಹೆಸರು ಹೇಳಿ ಕೇಳಿದ್ರೂ ಕೊಡಬ್ಯಾಡ್ರಿ ಅಂತ ಕಡೀಕ ಬರದಿದ್ದೆ. ಅದನ್ನೂ ಓದ್ಯಾರ.”

“ಯಾರೂ ಓದೂದಿಲ್ಲ ಅಂತ ಒದರ್ತಿದ್ದಿ.”

ಬೇವೂರು ಬಸ್ಸು ಬಂತು. ಇಬ್ಬರೂ ಎದ್ದರು.

“ಆಧಾರ್ ಕಾರ್ಡ್ ತೋರಿಸಿದ್ರ ಅಜ್ಜಿ ನಂಬತಾಳ, ನಡಿ.”

“ಕಾರ್ಡ್ ತೋರಿಸಿದ್ರೂ ನಂಬಬ್ಯಾಡ್ರಿ ಅಂತ ಬರದೇನೋ ಏನೋ,” ಎನ್ನುತ್ತ ಆಕೆ ಬಸ್ಸು ಹತ್ತಿದಳು. “ನೆನಪಾಗವಲ್ದು.”